ಮನೆಯೊಳಗಿನ ಸೀಸವಿಷವೂ ಊರುಗಳ ಕಟ್ಟಳೆಗಳೂ

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ, ಸೀಸಕ್ಕೆ ನಾಗವೆಂದೂ ಸಿಂದೂರಕ್ಕೆ ನಾಗಸಂಭವವೆಂದೂ ಹೆಸರುಗಳಿರುವುದನ್ನು ಕಂಡು ನನ್ನ ಸಹಪಾಠಿಯೊಬ್ಬನು, "ಗುರುಗಳೇ, ಲೋಹಕ್ಕೆ ಹಾವಿನ ಹೆಸರು ಬಂದದ್ದು ಹೇಗೆ?" ಎಂದು ಕೇಳಿದನು. ಗುರುಗಳು ತಾಂಬೂಲವನ್ನು ಒಂದು ದವಡೆಗೆ ಸರಿಸಿಕೊಂಡು, "ಹಾವು ಮನೆಯೊಳಕ್ಕೆ ಬರುವಾಗ ಬಾಗಿಲು ತಟ್ಟಿ ಬರುತ್ತದೆಯೇನೋ?" ಎಂದರು. ಇದು ಶಾಬ್ದಿಕರು ಒಪ್ಪುವ ವ್ಯುತ್ಪತ್ತಿಯಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಆದರೂ ಸೀಸದ ಚರಿತ್ರೆಯನ್ನು ಓದುತ್ತ ಹೋದಂತೆ, ವ್ಯಾಕರಣದಲ್ಲಿ ಸೋತ ಆ ಉತ್ತರವು ಅರ್ಥದಲ್ಲಿ ಗೆದ್ದಿತೆಂದೇ ನನಗೆ ತೋರುತ್ತ ಬಂದಿದೆ.

ಸೀಸವು ವಿಷವೆಂಬ ತಿಳಿವಳಿಕೆಯು ಹೊಸದಲ್ಲ. ರಸರತ್ನಸಮುಚ್ಚಯದಲ್ಲಿ ನಾಗವಂಗಗಳೆರಡನ್ನೂ ಪೂತಿಲೋಹಗಳೆಂದು ಬೇರೆ ಪಂಕ್ತಿಯಲ್ಲಿ ಕೂರಿಸಿದೆ. ಶೋಧನ ಮಾರಣಗಳಿಲ್ಲದೆ ಅವು ಔಷಧಕ್ಕೆ ಸಲ್ಲವೆಂಬುದು ನಮ್ಮ ರಸವೈದ್ಯರ ಮತ. ಗ್ರೀಕರಲ್ಲಿ ನಿಕಾಂಡರನೆಂಬ ವೈದ್ಯಕವಿಯು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿಯೇ ಬಿಳಿಸೀಸವನ್ನು ಕುಡಿದವನ ಅವಸ್ಥೆಯನ್ನು ಬಣ್ಣಿಸಿದ್ದಾನೆ. ರೋಮಿನ ಶಿಲ್ಪಶಾಸ್ತ್ರಜ್ಞನಾದ ವಿಟ್ರೂವಿಯಸನು, ಸೀಸದ ಕೆಲಸಗಾರರ ಮೈ ಬಿಳಿಚಿಕೊಂಡಿರುವುದನ್ನು ಕಂಡು, ನೀರಿಗೆ ಸೀಸದ ಕೊಳವಿಗಿಂತ ಮಣ್ಣಿನ ಕೊಳವಿಯೇ ಲೇಸೆಂದು ಬರೆದನು. ಹೀಗೆ ಗಣಿಯವನೂ ಕಮ್ಮಟದವನೂ ಬಣ್ಣ ಅರೆಯುವವನೂ ಸೀಸದಿಂದ ಕೆಡುವರೆಂಬುದು ಎಲ್ಲರಿಗೂ ಗೊತ್ತಿದ್ದಿತು. ಗೊತ್ತಿಲ್ಲದೆ ಇದ್ದುದು ಇನ್ನೊಂದು: ಯಾವ ಕಸುಬನ್ನೂ ಮಾಡದೆ, ತಾಯಿಯ ಕಣ್ಣೆದುರಿನಲ್ಲಿಯೇ ಅಂಬೆಗಾಲಿಡುವ ಕೂಸು ತನ್ನ ಮನೆಯ ಗೋಡೆಯಿಂದಲೇ ವಿಷವನ್ನು ಪಡೆಯಬಲ್ಲುದೆಂಬ ಸಂಗತಿ. ಇದು ತಿಳಿದು ನೂರು ವರ್ಷಗಳ ಮೇಲೆ ಸ್ವಲ್ಪ ಕಾಲವಾಗಿದೆ, ಅಷ್ಟೆ. ತಿಳಿದ ಮೇಲೆ ಅದನ್ನು ತಡೆಯಲು ಯಾವ ಯಾವ ಊರುಗಳು ಯಾವ ಯಾವ ಕಟ್ಟಳೆಗಳನ್ನು ಮಾಡಿದುವು, ಮಾಡಿ ಏನನ್ನು ಕಂಡುವು ಎಂಬುದೇ ಈ ಲೇಖನದ ವಿಷಯ.

ಮನೆಯೊಳಗಿನ ವಿಷಯಕ್ಕೆ ಊರಿನ ಅಧಿಕಾರಿಯು ಕೈಹಾಕಬಹುದೇ ಎಂದು ಕೆಲವರು ಕೇಳುವುದುಂಟು. ಕೌಟಿಲ್ಯನ ನಾಗರಿಕ ಪ್ರಕರಣವನ್ನು ಓದಿದವರಿಗೆ ಈ ಸಂದೇಹ ಬರಲಾರದು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡವೆಂದು ಹೇಳಿದ ಆತನೇ, ಬೇಸಗೆಯಲ್ಲಿ ನಡುಹಗಲಿನ ಎರಡು ಯಾಮಗಳಲ್ಲಿ ಮನೆಯೊಳಗೆ ಬೆಂಕಿ ಹೊತ್ತಿಸಿದವನಿಗೂ ಅಷ್ಟೇ ದಂಡವನ್ನು ವಿಧಿಸಿದ್ದಾನೆ. ಅಡಿಗೆ ಆಗಲೇಬೇಕಾದರೆ ಹೊರಗೆ ಮಾಡಿಕೊಳ್ಳಲಿ ಎಂಬುದು ಅವನ ಅಭಿಪ್ರಾಯ. ಒಂದು ಮನೆಯ ಒಲೆ ಊರನ್ನೇ ಸುಡಬಲ್ಲುದಾದ ಕಾರಣ ಒಲೆಯು ಕೇವಲ ಆ ಮನೆಯ ಸೊತ್ತಾಗಿ ಉಳಿಯಲಿಲ್ಲ. ಆದರೆ ಬೆಂಕಿಯು ಕಣ್ಣಿಗೆ ಕಾಣುತ್ತದೆ, ಸೀಸ ಕಾಣುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ಮೊದಲ ಕಟ್ಟಳೆಗಳು ಪಾನೀಯಗಳನ್ನು ಕುರಿತವು. ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಗೊಕೆಲ್ ಎಂಬ ವೈದ್ಯನು ಮಠಗಳಲ್ಲಿ ಹೊಟ್ಟೆನುಲಿತದಿಂದ ನರಳುತ್ತಿದ್ದ ಸಂನ್ಯಾಸಿಗಳನ್ನು ಕಂಡನು. ದ್ರಾಕ್ಷಾಮದ್ಯವನ್ನು ಮುಟ್ಟದ ಸಂನ್ಯಾಸಿಗಳು ಮಾತ್ರ ಸುಖವಾಗಿದ್ದರು. ಹುಳಿಯಾದ ಮದ್ಯವನ್ನು ಸಿಹಿಮಾಡಲು ವರ್ತಕರು ಸೀಸದ ಭಸ್ಮವನ್ನು ಬೆರಸುತ್ತಿದ್ದರೆಂಬುದು ವಿಚಾರಣೆಯಿಂದ ಹೊರಬಿದ್ದಿತು. ಸೀಸದ ಕೆಲವು ಲವಣಗಳಿಗೆ ಸಿಹಿ ರುಚಿಯುಂಟಷ್ಟೆ. ೧೬೯೬ರಲ್ಲಿ ವ್ಯುರ್ಟೆಂಬರ್ಗಿನ ಪ್ರಭುವಾದ ಎಬರ್ಹಾರ್ಡ್ ಲುಡ್ವಿಗನು ಹಾಗೆ ಬೆರಸಿದವರಿಗೆ ಮರಣದಂಡನೆಯೆಂದು ಆಜ್ಞೆ ಹೊರಡಿಸಿದನು. ೧೭೨೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸಭೆಯು ರಮ್ ಎಂಬ ಮದ್ಯವನ್ನು ಬಟ್ಟಿಯಿಳಿಸುವ ಪಾತ್ರೆಗೂ ಕೊಳವಿಗೂ ಸೀಸವನ್ನು ಉಪಯೋಗಿಸಕೂಡದೆಂದು ಕಾನೂನು ಮಾಡಿತು. ಇವೆರಡೂ ಪೇಟೆಯ ಸರಕಿಗೆ ಸಂಬಂಧಿಸಿದ ಆಜ್ಞೆಗಳು. ಪೇಟೆಯನ್ನು ಆಳುವುದು ಸುಲಭ. ಗೋಡೆಯನ್ನು ಆಳುವುದು ಕಷ್ಟ.

ಗೋಡೆಗೆ ಸೀಸ ಹೇಗೆ ಬಂತೆಂಬುದನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಗೋಡೆಗೆ ಸುಣ್ಣ, ಕಾರಣೆಗೆ ಕೆಮ್ಮಣ್ಣು, ಮರಕ್ಕೆ ಎಣ್ಣೆ. ಯೂರೋಪಿನವರ ಮನೆಗಳಲ್ಲಿ ಮರವೇ ಹೆಚ್ಚು. ಆ ಮರಕ್ಕೆ ಅಗಸೆ ಎಣ್ಣೆಯಲ್ಲಿ ಬಿಳಿಸೀಸವನ್ನು ಅರೆದು ಹಚ್ಚುತ್ತಿದ್ದರು. ಸೀಸದ ತಗಡುಗಳನ್ನು ಹುಳಿರಸವಿರುವ ಮಡಕೆಗಳಲ್ಲಿ ಇಟ್ಟು, ಗೊಬ್ಬರದ ತಿಪ್ಪೆಯಲ್ಲಿ ಹೂಳಿ, ಅದರ ಬಿಸಿಯಲ್ಲಿ ವಾರಗಟ್ಟಲೆ ಬಿಟ್ಟರೆ ತಗಡಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅದೇ ಬಿಳಿಸೀಸ. ಅದರ ಬಣ್ಣ ದಟ್ಟ; ಮಳೆಗಾಳಿಗೆ ಬೇಗ ಜಗ್ಗದು; ಒಂದು ಕೈ ಹಚ್ಚಿದರೆ ಹಳೆಯ ಕಲೆಗಳೆಲ್ಲ ಮುಚ್ಚಿಹೋಗುವುವು. ಒಳ್ಳೆಯ ಮನೆಯೆಂದರೆ ಸೀಸದ ಬಣ್ಣವಿರುವ ಮನೆಯೆಂದೇ ಭಾವನೆಯಿದ್ದಿತು. ವಿಷವು ಬಡವರ ಮನೆಗೆ ಮೊದಲು ಬರಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಶ್ರೀಮಂತರು ಬಿಟ್ಟುಹೋದ ಮನೆಗಳೊಡನೆ ಅದು ಬಡವರ ಪಾಲಾಯಿತು.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಸೀಮೆಯ ಬ್ರಿಸ್ಬೇನ್ ನಗರದಲ್ಲಿ ಮನೆಗಳು ಮರದ ಕಂಬಗಳ ಮೇಲೆ ಎತ್ತರದಲ್ಲಿ ನಿಂತಿರುತ್ತವೆ. ಸುತ್ತಲೂ ಅಗಲವಾದ ಮೊಗಸಾಲೆ, ಅದಕ್ಕೆ ಮರದ ಕಟಕಟೆ. ಬಿಸಿಲು ನಮ್ಮ ರಾಯಚೂರು ಕಲಬುರಗಿಗಳಷ್ಟಿಲ್ಲದಿದ್ದರೂ ಮಕ್ಕಳು ಹಗಲೆಲ್ಲ ಮೊಗಸಾಲೆಯಲ್ಲಿಯೇ ಇರುವಷ್ಟು ಉಂಟು. ೧೮೯೦ರ ಸುಮಾರಿಗೆ ಅಲ್ಲಿಯ ಮಕ್ಕಳ ಆಸ್ಪತ್ರೆಗೆ ವಿಚಿತ್ರವಾದ ರೋಗಿಗಳು ಬರತೊಡಗಿದರು. ಕೆಲವರಿಗೆ ಹೊಟ್ಟೆನೋವು, ಕೆಲವರಿಗೆ ಪಾದ ಎತ್ತಲಾಗದಂತೆ ಜೋಲುಬೀಳುವುದು, ಮಣಿಕಟ್ಟು ಸೋಲುವುದು. ಕೆಲವರ ಕಣ್ಣು ಮಾಲುವುದು, ಕ್ರಮೇಣ ದೃಷ್ಟಿಯೇ ಹೋಗುವುದು. ಜೆಫರಿಸ್ ಟರ್ನರ್ ಎಂಬ ಶಿಶುವೈದ್ಯರೂ ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯರೂ ಇದನ್ನು ಸೀಸವಿಷವೆಂದು ಗುರುತಿಸಿದರು. ೧೮೯೨ರಲ್ಲಿ ಅವರೂ ಅವರ ಮಿತ್ರರೂ ಇದನ್ನು ಪ್ರಕಟಿಸಿದಾಗ, ಇತರ ನಗರಗಳ ವೈದ್ಯರಿಗೆ ನಂಬಿಕೆ ಹುಟ್ಟಲಿಲ್ಲ. ತಮ್ಮಲ್ಲಿ ಕಾಣದ ರೋಗ ಬ್ರಿಸ್ಬೇನಿನಲ್ಲಿ ಮಾತ್ರ ಹೇಗಿದ್ದೀತೆಂದು ಅವರ ವಾದ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಭೇದವುಂಟೆಂಬುದನ್ನು ನಮ್ಮ ತಾರ್ಕಿಕರು ಅನುಪಲಬ್ಧಿ ಪ್ರಮಾಣದ ಚರ್ಚೆಯಲ್ಲಿ ಎಷ್ಟೋ ಪುಟಗಳಲ್ಲಿ ಹೇಳಿದ್ದಾರೆ. ಪಂಡಿತರು ಎಲ್ಲಿದ್ದರೂ ಇದನ್ನು ಮರೆಯುವುದು ಒಂದೇ ರೀತಿ.

ರೋಗದ ಹೆಸರು ತಿಳಿದರೂ ಅದರ ಮೂಲ ತಿಳಿಯಲು ಹನ್ನೆರಡು ವರ್ಷಗಳು ಹಿಡಿದುವು. ಮಳೆನೀರಿನ ತೊಟ್ಟಿಗಳ ಮೇಲೆ ಸಂಶಯ ಹೋಯಿತು. ಆದರೆ ತೊಟ್ಟಿಯ ನೀರನ್ನು ಮನೆಯವರೆಲ್ಲರೂ ಕುಡಿಯುವರು; ರೋಗ ಮಾತ್ರ ಮಕ್ಕಳಿಗೆ, ಅವರಲ್ಲಿಯೂ ಉಗುರು ಕಚ್ಚುವ, ಬೆರಳು ಚೀಪುವ ಮಕ್ಕಳಿಗೆ. ಗಿಬ್ಸನ್ ಮಹಾಶಯರು ರೋಗಿಗಳ ಮನೆಗಳಿಗೆ ಹೋಗಿ ನೋಡಿದರು. ಬಿಸಿಲಿಗೆ ಬೆಂದ ಕಟಕಟೆಯ ಬಣ್ಣವು ಪುಡಿಯಾಗಿ, ಕೈಯಿಟ್ಟರೆ ಬೆರಳಿಗೆ ಬಿಳುಪು ಅಂಟುತ್ತಿದ್ದಿತು. ಆ ಪುಡಿಯನ್ನು ಪರೀಕ್ಷಿಸಿದರೆ ಸೀಸ. ಮಗುವು ಕಟಕಟೆಯನ್ನು ಹಿಡಿದು ನಿಂತು ಬೀದಿಯನ್ನು ನೋಡುತ್ತದೆ; ಆಮೇಲೆ ಬೆರಳನ್ನು ಬಾಯಿಗಿಡುತ್ತದೆ. ಇಷ್ಟೇ ಆ ರೋಗದ ರಹಸ್ಯ. ೧೯೦೪ರಲ್ಲಿ ಅವರು ಪ್ರಕಟಿಸಿದ ಲೇಖನವು, ಬಣ್ಣ ಬಳಿದ ಕಟಕಟೆಗಳೂ ಕೋಣೆಯ ಗೋಡೆಗಳೂ ಕ್ವೀನ್ಸ್‌ಲೆಂಡಿನ ಮಕ್ಕಳ ಸೀಸರೋಗಕ್ಕೆ ಮೂಲವೆಂದು ಸಾರಿ, ಮಕ್ಕಳ ಕೈಗೆಟಕುವ ಕಡೆ ಆ ಬಣ್ಣವನ್ನು ಹಚ್ಚಬೇಡಿರೆಂದು ಬೇಡಿಕೊಂಡಿತು. ಲೇಖನದ ಶೀರ್ಷಿಕೆಯಲ್ಲಿಯೇ ಅದೊಂದು ವಿಜ್ಞಾಪನೆಯೆಂದು ಸೂಚಿಸಿದೆ.

ವಿಜ್ಞಾಪನೆಯು ಶಾಸನವಾಗಲು ಇನ್ನೂ ಹದಿನೆಂಟು ವರ್ಷಗಳು ಬೇಕಾದುವು. ೧೯೨೨ರಲ್ಲಿ ಕ್ವೀನ್ಸ್‌ಲೆಂಡಿನ ಆರೋಗ್ಯಶಾಸನಕ್ಕೆ ತಿದ್ದುಪಡಿಯಾಗಿ, ಮಕ್ಕಳ ಕೈಗೆ ಸಿಕ್ಕುವ ಸ್ಥಳಗಳಲ್ಲಿ ಸೀಸದ ಬಣ್ಣವು ನಿಷಿದ್ಧವಾಯಿತು. ಮನೆಯ ಬಣ್ಣದಿಂದ ಮಕ್ಕಳನ್ನು ಕಾಪಾಡಲೆಂದೇ ಹುಟ್ಟಿದ ಶಾಸನಗಳಲ್ಲಿ ಇದು ಬಹು ಮೊದಲಿನದು. ಇದರ ಹಿಂದಿನ ವರ್ಷ, ೧೯೨೧ರಲ್ಲಿ, ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಬಿಳಿಸೀಸವನ್ನು ಬಳಸಕೂಡದೆಂಬ ಒಡಂಬಡಿಕೆಯನ್ನು ಅಂಗೀಕರಿಸಿದ್ದಿತು; ಆದರೆ ಅದು ಬಣ್ಣ ಬಳಿಯುವ ಕೂಲಿಕಾರನನ್ನು ನೆನೆದು ಮಾಡಿದ್ದು. ಕೂಲಿಕಾರನಿಗೆ ಸಂಘವಿದ್ದಿತು, ಬೆರಳು ಚೀಪುವವರಿಗೆ ಸಂಘವೆಲ್ಲಿಯದು?

ಬ್ರಿಸ್ಬೇನಿನ ಕಥೆಗೆ ಒಂದು ದುಃಖದ ಅನುಬಂಧವಿದೆ. ಕಾನೂನು ಬಂದು ಹತ್ತು ವರ್ಷಗಳೊಳಗೆ ಜಾರ್ವಿಸ್ ನೈ ಎಂಬ ವೈದ್ಯರು, ಆ ಸೀಮೆಯಲ್ಲಿ ತರುಣರು ಮೂತ್ರಪಿಂಡದ ರೋಗದಿಂದ ಅಕಾಲದಲ್ಲಿ ಸಾಯುತ್ತಿರುವುದನ್ನು ಗಮನಿಸಿ, ಇವರು ಬಾಲ್ಯದಲ್ಲಿ ಸೀಸ ತಿಂದವರೆಂದು ತೋರಿಸಿ ೧೯೩೩ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಸೀಸವು ಸುಣ್ಣದ ಧಾತುವಿನ ವೇಷದಿಂದ ಎಲುಬಿನಲ್ಲಿ ಸೇರಿ ಹತ್ತಾರು ವರ್ಷಗಳವರೆಗೆ ಅಲ್ಲಿಯೇ ಕುಳಿತಿರುತ್ತದೆ. ಕಟಕಟೆಯನ್ನು ಹಿಡಿದು ನಿಂತಿದ್ದ ಕೂಸುಗಳು ಬೆಳೆದು, ಮದುವೆಯಾಗಿ, ಕಾನೂನು ಬಂದ ಸುದ್ದಿಯನ್ನೂ ಕೇಳಿ, ಆಮೇಲೆ ತೀರಿಹೋದರು.

ಇನ್ನು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬರೋಣ. ನಗರವೊಂದು ತನ್ನ ಸ್ವಂತ ಅಧಿಕಾರದಿಂದ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬೆರಡನ್ನೂ ಅಲ್ಲಿ ಕಾಣಬಹುದು. ೧೯೧೪ರಲ್ಲಿ ಅಲ್ಲಿಯ ವೈದ್ಯರಾದ ಥಾಮಸ್ ಮತ್ತು ಬ್ಲ್ಯಾಕ್‌ಫನ್ ಎಂಬವರು, ತನ್ನ ತೊಟ್ಟಿಲು ಮಂಚದ ಬಿಳಿಯ ಬಣ್ಣವನ್ನು ಕಡಿದು ತಿಂದು ಸತ್ತ ಐದು ವರ್ಷದ ಬಾಲಕನ ವೃತ್ತಾಂತವನ್ನು ಪ್ರಕಟಿಸಿದ್ದರು. ಆದರೆ ನಗರವು ಎಚ್ಚೆತ್ತದ್ದು ೧೯೩೨ರಲ್ಲಿ. ಆಗ ಅಲ್ಲಿ ಘೋರವಾದ ಆರ್ಥಿಕ ಮುಗ್ಗಟ್ಟು. ಸೌದೆಗೆ ಹಣವಿಲ್ಲದ ಬಡವರು ಗುಜರಿಯವರಿಂದ ಮೋಟಾರು ಬ್ಯಾಟರಿಗಳ ಹಳೆಯ ಪೆಟ್ಟಿಗೆಗಳನ್ನು ತಂದು ಒಲೆಗೆ ಹಾಕಿದರು. ಆ ಹೊಗೆಯಲ್ಲಿದ್ದ ಸೀಸದಿಂದ ಮನೆಮನೆಯ ಮಕ್ಕಳು ಹಾಸಿಗೆ ಹಿಡಿದರು. ಹಂಟಿಂಗ್ಟನ್ ವಿಲಿಯಮ್ಸ್ ಎಂಬ ದಕ್ಷರಾದ ವೈದ್ಯರು ಆಗ ನಗರದ ಆರೋಗ್ಯ ಇಲಾಖೆಯಲ್ಲಿದ್ದರು. ಮುಂದೆ ಅವರು ಅಲ್ಲಿಯ ಆರೋಗ್ಯಾಧಿಕಾರಿಯಾಗಿ ೧೯೬೨ರವರೆಗೆ ಆಡಳಿತ ನಡೆಸಿದರು. ೧೯೩೫ರಿಂದ ಆ ನಗರವು ವೈದ್ಯರು ಕಳುಹಿಸಿದ ರಕ್ತದಲ್ಲಿ ಸೀಸವೆಷ್ಟಿದೆಯೆಂದು ಪುಕ್ಕಟೆಯಾಗಿ ಪರೀಕ್ಷಿಸಿಕೊಡತೊಡಗಿತು. ಪರೀಕ್ಷೆ ಆರಂಭವಾದೊಡನೆ ರೋಗಿಗಳ ಲೆಕ್ಕವು ಏರಿತು. ಬೇರೆ ನಗರಗಳಲ್ಲಿ ಆ ಲೆಕ್ಕವಿರಲಿಲ್ಲ. ಆದುದರಿಂದ ರೋಗ ಬಾಲ್ಟಿಮೋರಿನದೇ ಎಂದು ಆಡಿಕೊಂಡವರೂ ಉಂಟು. ಹಿಂದೆ ಬ್ರಿಸ್ಬೇನಿಗೆ ಆದದ್ದೂ ಇದೇ.

೧೯೪೧ರಲ್ಲಿ ಬಾಲ್ಟಿಮೋರ್ ನಗರಸಭೆಯು ವಸತಿಗಳ ಆರೋಗ್ಯವನ್ನು ಕುರಿತು ಒಂದು ಕಟ್ಟಳೆಯನ್ನು ಮಾಡಿ, ಆರೋಗ್ಯಾಧಿಕಾರಿಗೆ ನಿಬಂಧನೆಗಳನ್ನು ವಿಧಿಸುವ ಅಧಿಕಾರವನ್ನು ಕೊಟ್ಟಿದ್ದಿತು. ಆ ಅಧಿಕಾರದಿಂದ ೧೯೫೧ರ ಜೂನ್ ತಿಂಗಳ ಕೊನೆಯಲ್ಲಿ ವಿಲಿಯಮ್ಸ್ ಮಹಾಶಯರು, ಯಾವ ವಾಸದ ಮನೆಯ ಒಳಭಾಗಕ್ಕೂ ಸೀಸವುಳ್ಳ ಬಣ್ಣವನ್ನು ಬಳಿಯಕೂಡದೆಂದು ನಿಬಂಧನೆ ಹೊರಡಿಸಿದರು. ಆ ದೇಶದಲ್ಲಿ ಇಂಥ ನಿಷೇಧಕ್ಕೆ ಇದೇ ಮೊದಲು. ಇದಕ್ಕೆ ಎರಡು ವರ್ಷಗಳ ಹಿಂದೆ ಮೇರಿಲೆಂಡ್ ಸಂಸ್ಥಾನದ ಶಾಸನಸಭೆಯು ಆಟಿಕೆಗಳಲ್ಲಿ ಸೀಸದ ಬಣ್ಣವನ್ನು ತಡೆಯುವ ಕಾನೂನನ್ನು ಮಾಡಿ, ವರ್ತಕರ ಗದ್ದಲಕ್ಕೆ ಹೆದರಿ ಬೇಗನೆ ರದ್ದುಮಾಡಿದ್ದಿತು. ಸಂಸ್ಥಾನವು ಹಿಮ್ಮೆಟ್ಟಿದ ಕಡೆ ನಗರವು ನಿಂತಿತೆಂಬುದು ಗಮನಿಸತಕ್ಕ ವಿಷಯ. ೧೯೫೮ರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಸೀಸವಿರುವ ಬಣ್ಣದ ಡಬ್ಬಿಗಳ ಮೇಲೆ ಎಚ್ಚರಿಕೆಯ ಚೀಟಿಯಿರಬೇಕೆಂದೂ ಆ ನಗರ ವಿಧಿಸಿತು.

ಆದರೆ ಈ ನಿಬಂಧನೆ ಮುಟ್ಟಿದ್ದು ಮುಂದೆ ಬಳಿಯುವ ಬಣ್ಣವನ್ನು. ಆಗಲೇ ಗೋಡೆಗಳ ಮೇಲೆ ಅರ್ಧ ಶತಮಾನದ ಬಣ್ಣವು ಪೊರೆಯ ಮೇಲೆ ಪೊರೆಯಾಗಿ ಕುಳಿತಿದ್ದಿತು. ಸಾಲುಮನೆಗಳಲ್ಲಿ ಆಗ ವಾಸವಾಗಿದ್ದವರು ಹೆಚ್ಚಾಗಿ ಆಫ್ರಿಕಾ ಮೂಲದ ಬಡ ಬಾಡಿಗೆದಾರರು. ಮನೆಯ ಒಡೆಯನು ರಿಪೇರಿ ಮಾಡಿಸನು. ಮಾಡು ಸೋರಿ ಗೋಡೆ ತೇವಗೊಂಡರೆ ಬಣ್ಣವು ಹಪ್ಪಳದಂತೆ ಎದ್ದು ಕೆಳಕ್ಕೆ ಬೀಳುವುದು. ಸೀಸದ ಉದ್ಯಮದವರ ಸಂಘವು ಇದನ್ನು ಕೊಳಕು ಕೇರಿಗಳ ರೋಗವೆಂದೂ, ಮಕ್ಕಳನ್ನು ನೋಡಿಕೊಳ್ಳಲರಿಯದ ತಾಯಂದಿರ ತಪ್ಪೆಂದೂ ಹೇಳುತ್ತ ಬಂದಿತು. ಮಣ್ಣು ತಿನ್ನುವ ಚಾಳಿಯು ಶಿಶುಗಳ ಸ್ವಭಾವವೆಂದು ಬಲ್ಲ ಚರಕಾಚಾರ್ಯರು ಮೃದ್ಭಕ್ಷಣದಿಂದ ಬರುವ ಪಾಂಡುರೋಗವನ್ನೇ ಬೇರೆಯಾಗಿ ಎಣಿಸಿದ್ದಾರೆ. ಯಶೋದೆಯಂಥ ತಾಯಿಗೂ ತಡೆಯಲಾಗದೆ ಹೋದದ್ದನ್ನು ಬಾಲ್ಟಿಮೋರಿನ ಕೂಲಿ ಹೆಂಗಸು ತಡೆಯಬೇಕಾಗಿತ್ತೆಂದು ಹೇಳಿದ ಆ ವರ್ತಕರ ಧೈರ್ಯಕ್ಕೆ ಬೆರಗಾಗಬೇಕು.

ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಮಗುವು ರೋಗದಿಂದ ಬಿದ್ದರೆ ನಗರದ ತನಿಖೆಗಾರರು ಆ ಮನೆಗೆ ಹೋಗಿ ಬಣ್ಣವನ್ನು ತೆಗೆಸುತ್ತಿದ್ದರು. ಕೆಲಸದವರು ಬೆಂಕಿಯ ಜ್ವಾಲೆಯಿಂದ ಸುಟ್ಟೋ, ಒಣಗಿದ ಬಣ್ಣವನ್ನು ಉಜ್ಜಿಯೋ ತೆಗೆದರೆ, ಗೋಡೆಯಲ್ಲಿದ್ದ ಸೀಸವು ಧೂಳಾಗಿ ಮನೆಯನ್ನೆಲ್ಲ ತುಂಬುತ್ತಿದ್ದಿತು. ಆಸ್ಪತ್ರೆಯಿಂದ ಗುಣವಾಗಿ ಬಂದ ಮಗುವು ಮತ್ತೆ ಅದೇ ಮನೆಯಲ್ಲಿ ವಿಷವೇರಿ ಹಿಂದಿರುಗುವುದು. ಈ ಮಕ್ಕಳಿಗಾಗಿಯೇ ಜೀವಮಾನವನ್ನು ಸವೆಸಿದ ಚಿಸಮ್ ಎಂಬ ವೈದ್ಯರೂ ಫಾರ್ಫೆಲ್ ಎಂಬ ವಿದ್ವಾಂಸರೂ ೧೯೯೦ರಲ್ಲಿ, ಹಳೆಯ ರೀತಿಯ ಶುದ್ಧೀಕರಣದಿಂದ ಮನೆಯ ಧೂಳಿನಲ್ಲಿ ಸೀಸ ಹೆಚ್ಚುತ್ತದೆಂದು ಅಳೆದು ತೋರಿಸಿದರು. ಹೀಗೆ ಸುಮಾರು ನಾಲ್ವತ್ತು ವರ್ಷಗಳ ಕಾಲ, ಒಳ್ಳೆಯ ಉದ್ದೇಶದ ಆಜ್ಞೆಯೊಂದು ತಪ್ಪು ಕೈಕೆಲಸದಿಂದ ತನ್ನ ಫಲವನ್ನು ತಾನೇ ಕೆಡಿಸಿಕೊಳ್ಳುತ್ತಿದ್ದಿತು.

೧೯೪೩ರಲ್ಲಿ ಬಾಸ್ಟನ್ನಿನ ರ್ಯಾಂಡಾಲ್ಫ್ ಬೈಯರ್ಸ್ ಎಂಬ ವೈದ್ಯರೂ ಎಲಿಜಬೆತ್ ಲಾರ್ಡ್ ಎಂಬ ಮನಶ್ಶಾಸ್ತ್ರಜ್ಞೆಯೂ, ಸೀಸರೋಗದಿಂದ ಗುಣಹೊಂದಿದರೆಂದು ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ್ದ ಇಪ್ಪತ್ತು ಮಕ್ಕಳನ್ನು ಹುಡುಕಿಕೊಂಡು ಅವರ ಶಾಲೆಗಳಿಗೆ ಹೋದರು. ಇಪ್ಪತ್ತರಲ್ಲಿ ಹತ್ತೊಂಬತ್ತು ಮಕ್ಕಳು ಪಾಠದಲ್ಲಿ ಹಿಂದೆ ಬಿದ್ದಿದ್ದರು. ಕೆಲವರು ಕಾರಣವಿಲ್ಲದೆ ಸಿಡುಕುವವರು, ಒಂದೆಡೆ ಕುಳಿತಿರಲಾರದವರು. ಅದುವರೆಗೆ ಮಗು ಬದುಕಿತೆಂದರೆ ರೋಗ ಹೋಯಿತೆಂದೇ ಎಣಿಕೆಯಿದ್ದಿತು.

ಈ ಸಂಗತಿಯನ್ನು ನಾನು ಮೊದಲು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಉಪಾಧ್ಯಾಯನಾಗಿದ್ದ ಊರೊಂದರಲ್ಲಿ ಬ್ಯಾಟರಿ ದುರಸ್ತಿ ಮಾಡುವವನ ಮಗನೊಬ್ಬನು ನನ್ನ ತರಗತಿಯಲ್ಲಿದ್ದನು. ತಂದೆಯು ಮನೆಯ ಹಿತ್ತಿಲಲ್ಲಿಯೇ ಹಳೆಯ ಬ್ಯಾಟರಿಗಳನ್ನು ಒಡೆದು, ಬಾಣಲೆಯಲ್ಲಿ ಸೀಸವನ್ನು ಕರಗಿಸುತ್ತಿದ್ದನು. ಒಂದೆರಡು ಸಲ ನಾನೇ ನೋಡಿದ್ದೆನು. ಹುಡುಗನಿಗೆ ಶಬ್ದರೂಪಗಳು ನಾಲಗೆಗೆ ಹತ್ತಲೇ ಇಲ್ಲ. ನಿನ್ನೆ ಒಪ್ಪಿಸಿದ್ದು ಇಂದು ಇಲ್ಲ. "ನಿನ್ನ ತಲೆಯಲ್ಲೇನು ಸೀಸ ತುಂಬಿದೆಯೇನೋ?" ಎಂದು ನಾನು ತರಗತಿಯೆದುರಿಗೆ ಅವನನ್ನು ಹಂಗಿಸಿದ್ದುಂಟು, ಮಕ್ಕಳು ನಕ್ಕದ್ದೂ ಉಂಟು. ಬೆತ್ತದ ಮಾತನ್ನು ಬರೆಯಲು ಇಷ್ಟವಿಲ್ಲ. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟನು. ಸೀಸವೇ ಕಾರಣವೆಂದು ಹೇಳಲು ನನ್ನಲ್ಲಿ ಪ್ರಮಾಣವಿಲ್ಲ, ಅಲ್ಲವೆಂದು ಹೇಳಲೂ ಇಲ್ಲ. ಯಾರೂ ಅವನ ರಕ್ತವನ್ನು ಪರೀಕ್ಷಿಸಿರಲಿಲ್ಲ. ಬಾಲ್ಟಿಮೋರಿನಲ್ಲಿ ೧೯೩೫ರಲ್ಲಿಯೇ ಇದ್ದ ಆ ಅನುಕೂಲವನ್ನು ನೆನೆದಾಗಲೆಲ್ಲ ಅವನ ಮುಖ ಕಣ್ಮುಂದೆ ಬರುತ್ತದೆ.

ಮುಂದಿನ ಚರಿತ್ರೆಯನ್ನು ಬೇಗ ಹೇಳಬಹುದು. ನ್ಯೂಯಾರ್ಕ್ ನಗರವು ೧೯೬೦ರಲ್ಲಿ ಮನೆಯೊಳಗೆ ಸೀಸದ ಬಣ್ಣವನ್ನು ನಿಷೇಧಿಸಿತು. ೧೯೮೨ರಲ್ಲಿಯೂ ೨೦೦೪ರಲ್ಲಿಯೂ ಬಾಡಿಗೆಮನೆಗಳ ಒಡೆಯರ ಮೇಲೆ ಹೊಣೆ ಹೊರಿಸುವ ಕಟ್ಟಳೆಗಳನ್ನು ಮಾಡಿತು. ಅಮೆರಿಕದ ಕೇಂದ್ರ ಸರಕಾರವು ೧೯೭೧ರಲ್ಲಿ ಒಂದು ಶಾಸನವನ್ನೂ, ೧೯೭೮ರಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ನಿಷೇಧವನ್ನೂ ತಂದಿತು. ಬಾಲ್ಟಿಮೋರಿಗೂ ಇದಕ್ಕೂ ನಡುವೆ ಇಪ್ಪತ್ತೇಳು ವರ್ಷಗಳು. ಈ ನಡುವೆ ವೈದ್ಯರು ಅಪಾಯವೆಂದು ಎಣಿಸುವ ಪ್ರಮಾಣವೂ ಇಳಿಯುತ್ತ ಬಂದಿತು. ೧೯೬೦ರ ದಶಕದಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ೬೦ ಮೈಕ್ರೋಗ್ರಾಂ ಸೀಸವಿದ್ದರೆ ಮಾತ್ರ ಚಿಂತೆ. ೧೯೭೫ರಲ್ಲಿ ಅದು ೩೦, ೧೯೮೫ರಲ್ಲಿ ೨೫, ೧೯೯೧ರಲ್ಲಿ ೧೦, ೨೦೧೨ರಲ್ಲಿ ೫, ೨೦೨೧ರಲ್ಲಿ ಮೂರೂವರೆ. ಮಕ್ಕಳು ಬದಲಾಗಲಿಲ್ಲ, ನೋಡುವವರ ಕಣ್ಣು ಚುರುಕಾಯಿತು. ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ಈಗ ಒಪ್ಪಿದ್ದಾರೆ.

ಇಷ್ಟೆಲ್ಲ ಕಟ್ಟಳೆಗಳಲ್ಲಿಯೂ ಒಂದು ದೋಷವಿದ್ದಿತು. ಮಗುವು ಮೊದಲು ರೋಗಿಯಾಗಬೇಕು, ಆಮೇಲೆ ಅಧಿಕಾರಿಯು ಮನೆಗೆ ಬರಬೇಕು. ಗಣಿಗೆ ಹಕ್ಕಿಯನ್ನು ಒಯ್ದು ಅದು ಸತ್ತರೆ ವಿಷವಾಯುವಿದೆಯೆಂದು ತಿಳಿಯುವಂತೆ, ಮನೆಯನ್ನು ಪರೀಕ್ಷಿಸಲು ಮಗುವನ್ನು ಉಪಯೋಗಿಸಿದ ಹಾಗಾಯಿತು. ಈ ಕ್ರಮವನ್ನು ತಿರುಗಿಸಿದ ಊರುಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ಹೆಸರಿಸತಕ್ಕದ್ದು. ಅಲ್ಲಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯರು ತಮ್ಮ ಮಕ್ಕಳು ಏಕೆ ಹಿಂದೆ ಬೀಳುತ್ತಾರೆಂದು ಯೋಚಿಸಿ ಆರೋಗ್ಯದ ದಾಖಲೆಗಳನ್ನು ನೋಡಲಾಗಿ, ಹೊಸದಾಗಿ ಸೇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು ನಾಲ್ವತ್ತು ಮಂದಿಗೆ ರಕ್ತದಲ್ಲಿ ಸೀಸವೇರಿದ್ದು ಕಂಡುಬಂದಿತು. ಅವರೂ ಊರಿನ ಇತರ ಸಜ್ಜನರೂ ೨೦೦೦ದಲ್ಲಿ ಒಂದು ಒಕ್ಕೂಟವನ್ನು ಕಟ್ಟಿದರು. ನಗರಸಭೆಯು ೨೦೦೫ರ ಡಿಸೆಂಬರಿನಲ್ಲಿ ಕಟ್ಟಳೆಯನ್ನು ಒಪ್ಪಿತು. ೨೦೦೬ರ ಜುಲೈ ೧ರಿಂದ ಅದು ಜಾರಿಗೆ ಬಂದಿತು. ಹಳೆಯ ಬಾಡಿಗೆಮನೆಗೆ ವಾಸಯೋಗ್ಯತೆಯ ಪತ್ರವನ್ನು ಕೊಡುವ ಮುನ್ನ ತನಿಖೆಗಾರನು ಬಣ್ಣ ಎದ್ದಿದೆಯೇ ಎಂದು ನೋಡಬೇಕು. ಅಪಾಯ ಹೆಚ್ಚಾಗಿರುವ ಪೇಟೆಗಳಲ್ಲಿ, ಕಣ್ಣಿಗೆ ಚೆನ್ನಾಗಿ ಕಂಡ ಮನೆಯಲ್ಲಿಯೂ ನೆಲದ ಮತ್ತು ಕಿಟಕಿಯ ಧೂಳನ್ನು ಒರಸಿ ಪರೀಕ್ಷೆಗೆ ಕಳುಹಿಸಬೇಕು. ಬಾಡಿಗೆ ಏರುವುದೆಂದೂ ಒಡೆಯರು ಮನೆಗಳನ್ನು ಬಿಟ್ಟು ಹೋಗುವರೆಂದೂ ಹೆದರಿಸಿದವರಿದ್ದರು. ಆ ಭಯ ನಿಜವಾಗಲಿಲ್ಲ. ಸೀಸವೇರಿದ ಮಕ್ಕಳ ಸಂಖ್ಯೆಯು ಬಹಳವಾಗಿ ಇಳಿಯಿತು. ಒಬ್ಬ ಮೇಷ್ಟರ ಸಂಶಯದಿಂದ ಇಷ್ಟಾಯಿತೆಂಬುದನ್ನು ಓದಿ ನನಗೆ ಸಂತೋಷವೂ, ನನ್ನ ವಿಷಯದಲ್ಲಿ ನಾಚಿಕೆಯೂ ಒಟ್ಟಿಗೆ ಆದುವು.

ನಮ್ಮ ನಾಡಿಗೆ ಈ ಚರಿತ್ರೆಯ ಸಂಬಂಧವು ತಡವಾಗಿ ಬಂದಿತು. ಸುಣ್ಣದ ಗೋಡೆಗಳು ನಮ್ಮನ್ನು ಬಹುಕಾಲ ಕಾಪಾಡಿದುವು. ಆದರೆ ಬಾಗಿಲು, ಕಿಟಕಿ, ತೊಟ್ಟಿಲು, ಬೊಂಬೆಗಳಿಗೆ ಎಣ್ಣೆಬಣ್ಣ ಬಂದಿತು; ತವರದೊಡನೆ ಸೀಸವನ್ನು ಬೆರಸಿ ಕಲಾಯಿ ಹಾಕುವ ಮೋಸವೂ, ಹಿತ್ತಿಲ ಬ್ಯಾಟರಿ ಕುಲುಮೆಗಳೂ, ರಸ್ತೆಯ ತುಂಬ ಸೀಸದ ಪೆಟ್ರೋಲಿನ ಹೊಗೆಯೂ ಸೇರಿದುವು. ೧೯೯೦ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆಯು ಬೆಂಗಳೂರೇ ಮೊದಲಾದ ದೊಡ್ಡ ನಗರಗಳಲ್ಲಿ ಇಪ್ಪತ್ತು ಸಾವಿರದಷ್ಟು ಜನರ ರಕ್ತವನ್ನು ಪರೀಕ್ಷೆ ಮಾಡಿಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ೧೦ ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸವಿದ್ದಿತು. ೧೯೯೯ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ವಿಷಯವಾಗಿ ಅಂತರರಾಷ್ಟ್ರೀಯ ಸಮ್ಮೇಳನವೂ ನೆರೆಯಿತು. ಮರುವರ್ಷ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ತುಪ್ಪಿಲ್ವೆಂಕಟೇಶರ ಪರಿಶ್ರಮದಿಂದ ಸೀಸವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ನಡೆಯಿತು. ಕೇಂದ್ರ ಸರಕಾರವು ೨೦೧೬ರಲ್ಲಿ ನಿಯಮಗಳನ್ನು ಮಾಡಿ, ೨೦೧೭ರ ನವೆಂಬರ್ ೧ರಿಂದ ಮನೆಬಳಕೆಯ ಬಣ್ಣದಲ್ಲಿ ದಶಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂದು ವಿಧಿಸಿತು. ಈ ನಿಯಮವು ಅಂಗಡಿಯ ಡಬ್ಬಿಯನ್ನು ಕುರಿತದ್ದು. ನಮ್ಮ ತಂದೆಯವರು ಕಿಟಕಿಗೆ ಹಚ್ಚಿಸಿದ ಬಣ್ಣವನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ. ೧೯೫೧ರಲ್ಲಿ ಬಾಲ್ಟಿಮೋರ್ ನಿಂತಿದ್ದ ಮೆಟ್ಟಿಲಿನಲ್ಲಿಯೇ ನಾವು ಈಗ ನಿಂತಿದ್ದೇವೆ. ಅಲ್ಲಿಂದ ರಾಚೆಸ್ಟರಿಗೆ ಅವರಿಗೆ ಐವತ್ತೈದು ವರ್ಷ ಹಿಡಿಯಿತು. ನಮ್ಮ ನಗರಸಭೆಗಳ ಸದಸ್ಯರು ಆ ಚರಿತ್ರೆಯನ್ನು ಓದಿಕೊಂಡರೆ ಅಷ್ಟು ಹಿಡಿಯಬೇಕಾಗಿಲ್ಲ.

ನಮ್ಮ ಮನೆಯ ನಡುಮನೆಯ ಕಿಟಕಿಗೆ ಹಸಿರು ಬಣ್ಣದ ಐದಾರು ಪೊರೆಗಳಿವೆ. ಒಂದೂವರೆ ವರ್ಷದ ಮೊಮ್ಮಗಳು ಅದರ ಸರಳುಗಳನ್ನು ಹಿಡಿದು ನಿಂತು ಬೀದಿ ನೋಡುವುದು, ದಾರಂದಕ್ಕೆ ಬಾಯಿಟ್ಟು ಕಚ್ಚುವುದು. ಕಳೆದ ವರ್ಷ ದೀಪಾವಳಿಗೆ ಮುನ್ನ ಬಣ್ಣದವನನ್ನು ಕರೆಸಿದಾಗ ಅವನು ಉಜ್ಜುವ ಕಾಗದವನ್ನು ತೆಗೆದು ಒಣಬಣ್ಣವನ್ನು ತಿಕ್ಕಲು ಹೊರಟನು. ನಾನು ತಡೆದು, ನೀರು ಹಾಕಿ ಒದ್ದೆ ಮಾಡಿಕೊಂಡು ಉಜ್ಜಬೇಕೆಂದೂ, ಬಿದ್ದುದನ್ನೆಲ್ಲ ಒದ್ದೆ ಬಟ್ಟೆಯಿಂದ ತೆಗೆಯಬೇಕೆಂದೂ ಹೇಳಿದೆನು. "ಮೇಷ್ಟ್ರೇ, ಹಾಗೆ ಮಾಡಿದ್ರೆ ಇನ್ನೂ ಎರಡು ದಿನದ ಕೂಲಿ ಆಗುತ್ತೆ" ಎಂದನು. ಕೊಡುತ್ತೇನೆಂದು ಒಪ್ಪಿ, ಕಾರಣವನ್ನು ತಿಳಿಸಿದೆನು. ಮಗುವನ್ನು ನಾಲ್ಕು ದಿನ ಅದರ ಸೋದರಮಾವನ ಮನೆಗೆ ಕಳುಹಿಸುವುದೆಂದೂ ಗೊತ್ತುಮಾಡಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮೂವತ್ತು ವರ್ಷದಿಂದ ನಾನು ಕುಡಿದಿರೋ ಧೂಳು ಎಲ್ಲಿ ಹೋಯ್ತು ಮೇಷ್ಟ್ರೇ?" ಎಂದು ಕೇಳಿದನು. ಎಲುಬಿಗೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ರಕ್ತದಲ್ಲಿ ಸೀಸವನ್ನು ಪರೀಕ್ಷಿಸಬೇಕೆಂದು ವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟೆನು. ಅದನ್ನು ಮಡಿಸಿ ಅಂಗಿಯ ಜೇಬಿಗೆ ಸೇರಿಸಿಕೊಂಡು ಹೋದವನು, ಮರುದಿನ ಬೆಳಗ್ಗೆ ಮೂಗಿಗೆ ವಸ್ತ್ರ ಕಟ್ಟಿಕೊಂಡು, ಒಂದು ಬಕೆಟ್ಟು ನೀರಿನೊಡನೆ ಕಿಟಕಿಯ ಹತ್ತಿರ ಕುಳಿತಿದ್ದನು.